ಅಶ್ವಪರೀಕ್ಷೆ

ಕಳೆದ ಮಾಘಮಾಸದ ಒಂದು ಸಾಯಂಕಾಲ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ರೋಣದಲ್ಲಿರುವ ನಮ್ಮ ಮನೆಗೆ ಬಂದನು. ಓದುವ ಕಾಲದಲ್ಲಿ ರಾಮಶಬ್ದವನ್ನು ಸಪ್ತಮೀ ವಿಭಕ್ತಿಯ ವರೆಗೆ ಮುಟ್ಟಿಸಲಾರದೆ ಎಷ್ಟೋ ಸಲ ಬಾಕಿನ ಮೇಲೆ ನಿಂತುಕೊಂಡ ಹುಡುಗನು ಇವನು. ಈಗ ಕಾಳುಕಡಿಯ ವ್ಯಾಪಾರದಲ್ಲಿ ನಾಲ್ಕು ಜನರು ಗುರುತಿಸುವಂತಾಗಿರುವನು. ನಮಸ್ಕಾರ, ಕುಶಲಪ್ರಶ್ನೆ, ಚಹಾ ಎಲ್ಲ ಮುಗಿದ ಮೇಲೆ ಜೇಬಿನಿಂದ ಮೊಬೈಲನ್ನು ತೆಗೆದು ಒಂದು ಕುದುರೆಯ ಚಿತ್ರವನ್ನು ತೋರಿಸಿದನು. ಮಾರವಾಡಿ ತಳಿಯ ಗಂಡುಕುದುರೆ. ಎತ್ತರವಾದ ಕೊರಳು, ಒಂದಕ್ಕೊಂದು ತುದಿ ತಾಗಿಸಿಕೊಂಡು ಕಮಾನಿನಂತೆ ಬಾಗಿದ ಕಿವಿಗಳು. ಬೆಲೆಯನ್ನು ಅವನು ಹೇಳಿದಾಗ ನಾನು ನನ್ನ ನಿವೃತ್ತಿವೇತನದ ಲೆಕ್ಕವನ್ನು ಮನಸ್ಸಿನಲ್ಲಿಯೇ ಮಾಡಿ ಸುಮ್ಮನಾದೆನು.

"ಗುರುಗಳ, ಕಾಗದಪತ್ರ ಎಲ್ಲಾ ಛಲೋ ಅದಾವ್ರಿ. ಸುಳಿ ಒಂದ ನೀವು ನೋಡಿ ಹೇಳಬೇಕು. ನಮ್ಮ ಮನ್ಯಾಗ ಹಿರ್‍ಯಾರು ಅದಿಲ್ಲದ ಒಪ್ಪವಲ್ಲರು" ಎಂದನು.

"ಕುದುರಿ ನೋಡಾಕ ಬರ್ತೀನಪಾ. ಸುಳಿ ಮಾತು ಮಾತ್ರ ನನ್ನ ಕೇಳಬ್ಯಾಡ" ಎಂದು ನಾನು ಹೇಳಿದೆನು. ಅವನು ನನ್ನ ಮುಖವನ್ನೇ ನೋಡಿದನು. ಹನ್ನೆರಡು ವರ್ಷ ಪಾಠಶಾಲೆಯಲ್ಲಿ ಓದಿ, ಜ್ಯೋತಿಷದಲ್ಲಿಯೂ ಪರೀಕ್ಷೆ ಕೊಟ್ಟ ಮನುಷ್ಯನು ಹೀಗೆ ಹೇಳಿದರೆ ಯಾರಿಗಾದರೂ ವಿಚಿತ್ರವೆನಿಸುವುದು. ಆ ಸಂಜೆ ಅವನಿಗೆ ಕಾರಣವನ್ನು ಹೇಳುವಷ್ಟು ಧೈರ್ಯ ನನಗಾಗಲಿಲ್ಲ. ಈಗ ಇಲ್ಲಿ ಬರೆಯುತ್ತಿರುವೆನು.

ಕುದುರೆಯ ಮಾತು ನಮ್ಮ ಸೀಮೆಗೆ ಹೊಸದಲ್ಲ. ರೋಣವೆಂದರೆ ದ್ರೋಣಪುರವೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಆ ದ್ರೋಣಾಚಾರ್ಯನ ಮಗನು ಹುಟ್ಟಿದೊಡನೆ ಉಚ್ಚೈಃಶ್ರವಸ್ಸಿನಂತೆ ಕೆನೆದುದರಿಂದಲೇ ಅಶ್ವತ್ಥಾಮನೆಂದು ಹೆಸರಾಯಿತಂತೆ. ನಮ್ಮೂರಿನ ಹೆಸರಿನ ಬೆನ್ನಿಗೇ ಒಂದು ಹೇಷಾರವವು ಅಂಟಿಕೊಂಡಿರುವುದೆಂದು ನಾನು ತರಗತಿಯಲ್ಲಿ ವಿನೋದಕ್ಕಾಗಿ ಹೇಳುತ್ತಿದ್ದೆನು. ಪುರಾಣವನ್ನು ಬಿಟ್ಟರೂ, ಗಜೇಂದ್ರಗಡವು ಘೋರ್ಪಡೆ ಮನೆತನದವರ ಠಾಣ್ಯವಾಗಿತ್ತು. 1787ರಲ್ಲಿ ಟೀಪೂಸುಲ್ತಾನನಿಗೂ ಮರಾಠರಿಗೂ ನಿಜಾಮನಿಗೂ ಆದ ಒಪ್ಪಂದವು ಆ ಊರಿನ ಹೆಸರಿನಿಂದಲೇ ಚರಿತ್ರೆಯಲ್ಲಿ ಉಳಿದಿರುವುದು. ಆನೆಯ ಹೆಸರಿನ ಗುಡ್ಡದ ಕೆಳಗೆ ಅಂದು ಎಷ್ಟು ಕುದುರೆಗಳು ಮೇದಿರಬಹುದೋ! 1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬನ ಜನರು ಸುರೇಬಾನದ ಹತ್ತಿರ ತಂಗಿದ್ದ ಮ್ಯಾನ್ಸನ್ ಸಾಹೇಬನ ಮೇಲೆ ರಾತ್ರಿಯಲ್ಲಿ ಬಿದ್ದು ಅವನನ್ನು ಕೊಂದರು. ಸಂಸ್ಥಾನವು ಹೋಯಿತು; ಸಂಸ್ಥಾನದೊಡನೆ ಲಾಯಗಳೂ ಬರಿದಾದುವು. ನಾನು ಹುಡುಗನಾಗಿದ್ದಾಗ ಈ ಭಾಗದಲ್ಲಿ ಉಳಿದಿದ್ದ ಕುದುರೆಗಳು ಎರಡೇ ಬಗೆಯವು: ಟಾಂಗಾದವು ಮತ್ತು ಕುರಿಗಾರರ ತಟ್ಟುಗಳು.

1984ರಲ್ಲಿ ಗಜೇಂದ್ರಗಡದ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತ ಅಧ್ಯಾಪಕನಾಗಿ ಸೇರಿದಾಗ ನನಗೆ ಇಪ್ಪತ್ತನಾಲ್ಕು ವರ್ಷ. ಅಮರಕೋಶದಲ್ಲಿ ಕುದುರೆಗೆ ಇರುವ ಹೆಸರುಗಳೆಲ್ಲ ಬಾಯಿಪಾಠ. ಧೌರಿತಕ, ವಲ್ಗಿತ ಮೊದಲಾದ ಐದು ಗತಿಗಳೂ ಬಾಯಿಪಾಠ. ಆದರೆ ಕುದುರೆಯ ಮೂಗಿನ ಹತ್ತಿರ ಕೈಯೊಯ್ದು ಗೊತ್ತಿರಲಿಲ್ಲ. ನಿಲ್ದಾಣದಿಂದ ಶಾಲೆಯ ಕಡೆಗೆ ಟಾಂಗಾ ಹೊಡೆಯುತ್ತಿದ್ದ ಒಬ್ಬ ಹಿರಿಯರಿದ್ದರು. ಊರೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿತ್ತು. ನಾನೂ ಹಾಗೆಯೇ ಕರೆದೆನು. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಹತ್ತುವಾಗ, "ಬರ್ರಿ ಮಾಸ್ತರ, ಏರ್ರಿ, ಧೋತ್ರ ಹೊಲಸಾದೀತು" ಎಂದು ತಾವಾಗಿಯೇ ನಿಲ್ಲಿಸಿ ಕೂಡಿಸಿಕೊಳ್ಳುತ್ತಿದ್ದರು.

ಅವರ ಹತ್ತಿರ ಕಂದುಬಣ್ಣದ ಒಂದು ಹೆಣ್ಣುಕುದುರೆಯಿತ್ತು. ಬೆಳವಲದ ಹೊಲಗಳಲ್ಲಿ ಕುರಿ ನಿಲ್ಲಿಸಲು ಬಂದಿದ್ದ ಕುರಿಗಾರರಿಂದ ಅದನ್ನು ಕೊಂಡಿದ್ದರಂತೆ. ಎತ್ತರ ಹೆಚ್ಚಿಲ್ಲ, ಎದೆ ಅಗಲ, ಗೊರಸು ಗಟ್ಟಿ. ನಾನು ಬಂದ ವರ್ಷ ಅದರ ಮಗ್ಗುಲಲ್ಲಿ ಒಂದು ಹೆಣ್ಣುಮರಿಯಿತ್ತು. ಮೂಗಿನ ಮೇಲೆ ಅಂಗುಷ್ಠಪ್ರಮಾಣದ ಬಿಳಿಯ ಚುಕ್ಕೆ. ಎಡಗಿವಿಯ ಅಂಚಿನಲ್ಲಿ, ಸಣ್ಣದಿದ್ದಾಗ ತಂತಿಗೆ ಸಿಕ್ಕು ಹರಿದ ಒಂದು ಕಚ್ಚು. ಕಾಕಾರವರು ಆ ಮರಿಯನ್ನು ಟಾಂಗಾಕ್ಕೆ ಹೂಡುವುದಿಲ್ಲವೆಂದು ಮೊದಲೇ ನಿಶ್ಚಯಿಸಿದ್ದರು. "ಇದು ಸವಾರಿ ಕುದುರಿ ಆಗತದ್ರಿ ಮಾಸ್ತರ, ಇದರ ಬೆನ್ನ ನೋಡ್ರಿ" ಎನ್ನುತ್ತಿದ್ದರು. ನಾನು ಬೆನ್ನನ್ನು ನೋಡಿ, ಏನೂ ತಿಳಿಯದೆ, ತಲೆಯಾಡಿಸುತ್ತಿದ್ದೆನು.

ಎರಡು ವರ್ಷಗಳಲ್ಲಿ ಮರಿ ಬೆಳೆಯಿತು. ಕಾಕಾರವರ ಮಗಳ ಲಗ್ನವು ನಿಶ್ಚಯವಾಗಿತ್ತು. ಪಕ್ಕದ ಹಳ್ಳಿಯ ಒಬ್ಬ ಗೌಡರು ಆ ಮರಿಯನ್ನು ತಮ್ಮ ಮಗನಿಗಾಗಿ ಕೊಳ್ಳಲು ಒಪ್ಪಿದರು. ಆರು ಸಾವಿರ ರೂಪಾಯಿ ಎಂದು ಮಾತಾಯಿತು. ಅಂದಿನ ನನ್ನ ಸಂಬಳಕ್ಕೆ ಹೋಲಿಸಿದರೆ ಅದು ಸಣ್ಣ ಮೊತ್ತವಲ್ಲ. ಎಲ್ಲ ಮುಗಿದು ಸಂಚಕಾರ ಕೊಡುವ ಹೊತ್ತಿಗೆ ಗೌಡರು, "ಸುಳಿ ಒಂದ ತೋರಿಸಿಬಿಡೂಣು, ಸಾಲ್ಯಾಗ ಸಂಸ್ಕೃತ ಪಂಡಿತರು ಬಂದಾರಂತಲ್ಲ" ಎಂದರು. ನನಗೆ ಕರೆ ಬಂದಿತು. ಕರೆಯಲು ಬಂದವರು ಕಾಕಾರವರೇ. ತಮ್ಮ ಟಾಂಗಾದಲ್ಲಿಯೇ ನನ್ನನ್ನು ಕರೆದುಕೊಂಡು ಹೋದರು.

ನಾನು ಹೋಗಬಾರದಾಗಿತ್ತು. ಹೋದರೂ, ನನಗೆ ಕುದುರೆ ತಿಳಿಯದೆಂದು ಹೇಳಬಹುದಾಗಿತ್ತು. ಆದರೆ ಜನರು ಸುತ್ತ ನಿಂತಿದ್ದರು; ಗೌಡರು ಕುರ್ಚಿ ಹಾಕಿಸಿದ್ದರು; ಇಪ್ಪತ್ತಾರು ವರ್ಷದವನನ್ನು ಎಲ್ಲರೂ ಪಂಡಿತರೆಂದು ಕರೆಯುತ್ತಿದ್ದರು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅಶ್ವಲಕ್ಷಣವೆಂದು ಒಂದು ಸಣ್ಣ ಅಧ್ಯಾಯವಿದೆ. ಅದನ್ನು ಗುರುಗಳ ಹತ್ತಿರ ಪಾಠ ಹೇಳಿಸಿಕೊಂಡಿದ್ದೆನು. ಅದರಲ್ಲಿ ಸುಳಿಗಳು ಎಲ್ಲೆಲ್ಲಿದ್ದರೆ ಅಶುಭವೆಂದು ಎಣಿಸುವಾಗ ಕಣ್ಣೀರು ಇಳಿಯುವ ಜಾಗವನ್ನು, ಅಶ್ರುಪಾತಸ್ಥಾನವನ್ನು, ಹೇಳಿರುವುದು. ಮರಿಯ ಬಲಗಣ್ಣಿನ ಕೆಳಗೆ, ಎರಡು ಬೆರಳಿನ ಅಂತರದಲ್ಲಿ, ನಾಣ್ಯದಂತೆ ಒಂದು ಸುಳಿಯಿತ್ತು. ನಾನು ಅದರ ಮೇಲೆ ಬೆರಳಿಟ್ಟೆನು. ಶ್ಲೋಕವನ್ನು ರಾಗವಾಗಿ ಹೇಳಿ ಅರ್ಥವನ್ನೂ ಹೇಳಿದೆನು. ಹೇಳುವಾಗ ನನಗೆ ಒಂದು ಬಗೆಯ ಸಂತೋಷವೇ ಆಯಿತೆಂಬುದನ್ನು ಮುಚ್ಚಿಡಲಾರೆನು. ಹನ್ನೆರಡು ವರ್ಷದ ಓದು ಮೊದಲ ಸಲ ಬೀದಿಯಲ್ಲಿ ಕೆಲಸಕ್ಕೆ ಬಂದಿತಲ್ಲ ಎಂದು.

ಗೌಡರ ಮನೆಯ ಹೆಣ್ಣುಮಕ್ಕಳು ಬಾಗಿಲೊಳಗಿನಿಂದ ಕೇಳಿಸಿಕೊಂಡಿದ್ದರು. ಮಾತು ಅಲ್ಲಿಗೇ ಮುಗಿಯಿತು. ಸುದ್ದಿಯು ಸಂತೆಯಿಂದ ಸಂತೆಗೆ ನಡೆದುದರಿಂದ ಸುತ್ತಲಿನ ಯಾರೂ ಆ ಮರಿಗೆ ಕೈ ಹಾಕಲಿಲ್ಲ. ಲಗ್ನವು ಹತ್ತಿರ ಬಂದಾಗ ದಲಾಲನೊಬ್ಬನು ಎರಡು ಸಾವಿರದ ಇನ್ನೂರಕ್ಕೆ ಹೊಡೆದುಕೊಂಡು ಹೋದನು. ಉಳಿದ ಹಣಕ್ಕಾಗಿ ಕಾಕಾರವರು ಸಾಲ ಮಾಡಿದರು. ಆ ಸಾಲವು ತೀರಲು ಎಷ್ಟು ವರ್ಷ ಹಿಡಿಯಿತೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮಳೆ ಬಂದಾಗ ಟಾಂಗಾ ನಿಲ್ಲಿಸುವುದನ್ನು ಬಿಡಲಿಲ್ಲ. ಒಮ್ಮೆ ನಾನೇ ಧೈರ್ಯ ಮಾಡಿ, "ಕಾಕಾ, ನನ್ನಿಂದ ನಿಮಗ ನಷ್ಟ ಆತು" ಎಂದೆನು. ಅವರು ಲಗಾಮನ್ನು ಸಡಿಲಿಸುತ್ತ, "ನೀವು ಪುಸ್ತಕದಾಗ ಇದ್ದದ್ದ ಹೇಳಿದ್ರಿ. ಕುದುರಿ ನೋಡಿ ಎಲ್ಲಿ ಹೇಳಿದ್ರಿ?" ಎಂದರು. ಕೋಪವಿರಲಿಲ್ಲ. ಇದ್ದ ಸಂಗತಿಯನ್ನು ಇದ್ದ ಹಾಗೆ ಹೇಳಿದರು.

ಅಂದು ರಾತ್ರಿ ಪುಸ್ತಕವನ್ನು ತೆಗೆದೆನು. ಆ ಅಧ್ಯಾಯದಲ್ಲಿ ಮೊದಲನೆಯ ಶ್ಲೋಕವು ಸುಳಿಯನ್ನು ಕುರಿತುದಲ್ಲ. ಅದು ಅಂಗಸೌಷ್ಠವವನ್ನು ಹೇಳುವುದು: ಕೊರಳು ನೀಳವಾಗಿರಬೇಕು, ಎದೆಯೂ ಸೊಂಟದ ಸಂಧಿಯೂ ಅಗಲವಾಗಿರಬೇಕು, ತೊಗಲೂ ಕೂದಲೂ ನವುರಾಗಿರಬೇಕು, ಅಂಗುಳವೂ ತುಟಿಯೂ ನಾಲಗೆಯೂ ತಾಮ್ರವರ್ಣವಾಗಿರಬೇಕು, ಗೊರಸೂ ನಡಿಗೆಯೂ ಚೆನ್ನಾಗಿರಬೇಕು, ಕಾಲು ಮೊಣಕಾಲುಗಳು ದುಂಡಗೆ, ಹಲ್ಲುಗಳು ಸಮವಾಗಿ ಬೆಳ್ಳಗೆ ಇರಬೇಕು. ಇದಾದ ಮೇಲೆ ಬರುವುದು ಸುಳಿಯ ಮಾತು. ಕೊನೆಗೆ ಹಲ್ಲಿನ ಬಣ್ಣ ಬದಲಾಗುವುದರಿಂದ ವಯಸ್ಸನ್ನು ತಿಳಿಯುವ ಕ್ರಮವಿದೆ. ನಾನು ಮೊದಲನೆಯದನ್ನು ಹಾರಿಸಿ, ಕೊನೆಯದನ್ನು ಮರೆತು, ನಡುವಿನದನ್ನು ಮಾತ್ರ ಜನರೆದುರಿಗೆ ಹಾಡಿದ್ದೆನು. ಮರಿಯ ಬಾಯಿಯನ್ನು ಕೂಡ ತೆಗೆದು ನೋಡಿರಲಿಲ್ಲ. ಅದನ್ನು ಹತ್ತು ಹೆಜ್ಜೆ ನಡೆಯಿಸಿ ನೋಡಿರಲಿಲ್ಲ. ವರಾಹಮಿಹಿರನನ್ನು ಬಯ್ದು ಪ್ರಯೋಜನವಿಲ್ಲ. ಅವನ ಕ್ರಮವನ್ನು ಕೆಡಿಸಿದವನು ನಾನು. ಸುಳಿಯ ಶುಭಾಶುಭವನ್ನು ಅವನು ಹೇಳಿರುವನೆಂಬುದೇನೋ ನಿಜವೇ. ಅದನ್ನು ನಾನು ಇಂದು ನಂಬುವುದಿಲ್ಲ. ಗುರುಗಳಿದ್ದಿದ್ದರೆ ಈ ವಾಕ್ಯಕ್ಕೆ ಏನೆನ್ನುತ್ತಿದ್ದರೋ ತಿಳಿಯದು.

ಅಂದಿನಿಂದ ನನಗೆ ಒಂದು ಹುಚ್ಚು ಹತ್ತಿತು. ಕುದುರೆಯನ್ನು ಹಿಂದಿನವರು ಹೇಗೆ ಪರೀಕ್ಷಿಸುತ್ತಿದ್ದರೆಂದು ಸಿಕ್ಕಿದುದನ್ನೆಲ್ಲ ಓದುತ್ತ ಹೋದೆನು. ಮೈಸೂರಿನ ಶಾಮಾಶಾಸ್ತ್ರಿಗಳು ತಾಳೆಯ ಗರಿಯಿಂದ ಹೊರತೆಗೆದು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಪ್ರಕರಣವಿದೆ. ಅಲ್ಲಿ ಸುಳಿಯ ಹಂಬಲವೇ ಇಲ್ಲ, ಅಳತೆಯ ಮಾತು. ಉತ್ತಮಾಶ್ವಕ್ಕೆ ಮುಖವು ಮೂವತ್ತೆರಡು ಅಂಗುಲ, ಉದ್ದವು ಮುಖದ ಐದರಷ್ಟು, ಎತ್ತರವು ನಾಲ್ಕರಷ್ಟು, ಜಂಘೆಯು ಇಪ್ಪತ್ತು ಅಂಗುಲ. ಮುಖವನ್ನೇ ಮಾನದಂಡವಾಗಿಟ್ಟುಕೊಂಡು ಉಳಿದ ಅಂಗಗಳನ್ನು ಅಳೆಯುವ ಈ ಕ್ರಮವು ನನಗೆ ಬಹಳ ಹಿಡಿಸಿತು. ಟೇಪನ್ನು ತೆಗೆದುಕೊಂಡು ಕಾಕಾರವರ ಲಾಯಕ್ಕೆ ಹೋಗಿ ಹೆಣ್ಣುಕುದುರೆಯನ್ನು ಅಳೆದೆನು. ಅಂಗುಲವನ್ನು ಮುಕ್ಕಾಲು ಇಂಚೆಂದು ಹಿಡಿದರೆ ಕೌಟಿಲ್ಯನ ಕುದುರೆಯ ಎತ್ತರವು ಎಂಟು ಅಡಿಯಾಗುವುದು! ಹೆಗಲಿನ ವರೆಗೆ ಎಂಟು ಅಡಿಯ ಕುದುರೆಯು ಭೂಮಿಯ ಮೇಲೆ ಇರಲಾರದು. ತಲೆಯನ್ನೆತ್ತಿ ನಿಂತಾಗಿನ ಎತ್ತರವನ್ನು ಅವನು ಹೇಳಿರಬೇಕೆಂದು ನನ್ನ ಊಹೆ. ಕಾಕಾರವರ ಕುದುರೆಯು ತಲೆಯೆತ್ತಿದಾಗಲೂ ಮೂರೂವರೆ ಮುಖವನ್ನು ದಾಟಲಿಲ್ಲ. "ಮಾಸ್ತರ, ಕುದುರಿಗೆ ಅಂಗಿ ಹೊಲಸ್ತೀರೇನ?" ಎಂದು ಕಾಕಾರವರು ನಕ್ಕರು. ಸಾಲದ ವರ್ಷಗಳಲ್ಲಿ ಅವರು ನಕ್ಕುದನ್ನು ನಾನು ಕಂಡುದು ಅದೇ ಮೊದಲು.

ಅದೇ ಪ್ರಕರಣದಲ್ಲಿ ಕೌಟಿಲ್ಯನು ಕುದುರೆಗಳ ನಾಡುಗಳನ್ನು ಎಣಿಸಿ, ಕಾಂಬೋಜ, ಸಿಂಧು, ಆರಟ್ಟ, ವನಾಯು ದೇಶದವುಗಳನ್ನು ಉತ್ತಮವೆಂದು ಹೇಳುವನು. ನಮ್ಮ ದಕ್ಷಿಣದ ಹೆಸರು ಅಲ್ಲಿಲ್ಲ. ಆದರೆ ಸ್ವಭಾವವನ್ನು ತೀಕ್ಷ್ಣ, ಭದ್ರ, ಮಂದ ಎಂದು ವಿಂಗಡಿಸಿ, ಅದಕ್ಕೆ ತಕ್ಕ ಕೆಲಸವನ್ನು ಕೊಡಬೇಕೆಂದೂ ಹೇಳಿರುವನು. ಕುಲವನ್ನು ನೋಡಿ ನಿಲ್ಲಲಿಲ್ಲ. ಅಮರಸಿಂಹನ ಕೋಶದಲ್ಲಿಯೂ ಒಳ್ಳೆಯ ಕುಲದ ಕುದುರೆಗೆ ಆಜಾನೇಯವೆಂದು ಹೆಸರು ಹೇಳಿದ ಬೆನ್ನಿಗೇ, ಚೆನ್ನಾಗಿ ಹೊರುವ ಕಲಿತ ಕುದುರೆಗೆ ವಿನೀತವೆಂಬ ಹೆಸರು ಬರುವುದು. ಚಿಕ್ಕಂದಿನಲ್ಲಿ ಇವೆರಡನ್ನೂ ಒಂದೇ ಉಸಿರಿನಲ್ಲಿ ಒದರಿದವನಿಗೆ ಇವು ಬೇರೆ ಬೇರೆ ಸಂಗತಿಗಳೆಂದು ಹೊಳೆದುದು ಟಾಂಗಾದಲ್ಲಿ ಕುಳಿತ ಮೇಲೆ.

ಕನ್ನಡನಾಡಿನ ಅರಸರೂ ಈ ಶಾಸ್ತ್ರದಲ್ಲಿ ಹಿಂದಿರಲಿಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕುದುರೆಗಳ ಜಾತಿ, ಬಣ್ಣ, ಲಕ್ಷಣಗಳೂ ಕುದುರೆಯನ್ನೇರಿ ಚೆಂಡಾಡುವ ವಿನೋದವೂ ವಿಸ್ತಾರವಾಗಿ ಬಂದಿವೆ. ಅವನ ಮನೆತನದ ಅಕ್ಕಾದೇವಿಯು ಒಂದು ಶತಮಾನದ ಹಿಂದೆ ಕಿಸುಕಾಡನ್ನು ಆಳಿದವಳು. ಅವಳ ಸೂಡಿಯು ನಮ್ಮ ರೋಣದಿಂದ ಒಂದು ಗಳಿಗೆಯ ದಾರಿ. ಅಭಿನವಚಂದ್ರನೆಂಬ ಕವಿಯು ಅಶ್ವವೈದ್ಯವನ್ನು ಕನ್ನಡದಲ್ಲಿಯೇ ಬರೆದನು. ವಿಜಯನಗರದ ಅರಸನು ವರ್ಷಕ್ಕೆ ಹದಿಮೂರು ಸಾವಿರ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ತುಗೀಜ ನೂನಿಜನು ಬರೆದಿಟ್ಟಿರುವನು. ಅವುಗಳಲ್ಲಿ ಹಲವು ಹೊರ್ಮುಜಿನಿಂದ ಹಡಗೇರಿ ಬಂದವು. ಇಷ್ಟು ಪರದೇಶದ ರಕ್ತವು ನಾಲ್ಕಾರು ಶತಮಾನ ಈ ನೆಲಕ್ಕೆ ಇಳಿದ ಮೇಲೆ ನಮ್ಮ ತಟ್ಟುಗಳ ಮೈಯಲ್ಲಿ ಅದರ ಹನಿಯೂ ಉಳಿದಿಲ್ಲವೆಂದು ಯಾರು ಹೇಳಬಲ್ಲರು?

ಶುದ್ಧತಳಿ ಎಂಬ ಮಾತೇ ನನ್ನನ್ನು ಬಹಳ ದಿನ ಕಾಡಿರುವುದು. ಇಂಗ್ಲೆಂಡಿನಲ್ಲಿ ಜೇಮ್ಸ್ ವೆದರ್ಬಿ ಎಂಬವನು 1791ರಲ್ಲಿ ಕುದುರೆಗಳ ವಂಶಾವಳಿಯ ಗ್ರಂಥವನ್ನು ಆರಂಭಿಸಿದನು. ಇಂದು ಥರೋಬ್ರೆಡ್ ಎಂದು ಕರೆಯುವ ಪಂದ್ಯದ ಕುದುರೆಗೆ ಅದೇ ವೇದ. ತಂದೆತಾಯಿಗಳ ಹೆಸರು ಅಲ್ಲಿದ್ದರೆ ಮಗುವು ಶುದ್ಧ, ಇಲ್ಲದಿದ್ದರೆ ಅಲ್ಲ. ಕಿವಿ ಹೇಗಿದೆ, ಬಣ್ಣ ಯಾವುದು ಎಂದು ಗ್ರಂಥವು ಕೇಳುವುದಿಲ್ಲ. ರೂಪದ ಪರೀಕ್ಷೆಯನ್ನು ಪಂದ್ಯದ ಬಯಲಿಗೆ ಬಿಟ್ಟಿರುವರು. ತಮಾಷೆಯೆಂದರೆ, ಈ ಶುದ್ಧಕುಲದ ಮೂಲಪುರುಷರೆನಿಸಿದ ಮೂರು ಗಂಡುಕುದುರೆಗಳೂ ಪೂರ್ವದೇಶದಿಂದ ಬಂದವು. ಇಂಗ್ಲೆಂಡಿನ ಹೆಣ್ಣುಕುದುರೆಗಳಿಗೆ ಅವುಗಳನ್ನು ಕೂಡಿಸಿ ಆದ ಸಂಕರವೇ ಮುಂದೆ ಶುದ್ಧವೆನಿಸಿತು. ನಮ್ಮ ಕುಣಿಗಲಿನಲ್ಲಿ, ಟೀಪೂವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಸ್ಥಳದಲ್ಲಿ, ಮುಂದೆ ಬೆಳೆಸಿದುದು ಈ ತಳಿಯನ್ನೇ. ಮಾರವಾಡಿ ಮತ್ತು ಕಾಠೇವಾಡಿ ಕುದುರೆಗಳ ಮಾತು ಬೇರೆ. ಅಲ್ಲಿ ಕಣ್ಣಿಗೆ ಕಾಣುವ ಲಕ್ಷಣಕ್ಕೆ ಪ್ರಾಧಾನ್ಯವು ಹೆಚ್ಚು; ಒಳಕ್ಕೆ ಬಾಗಿದ ಕಿವಿಯನ್ನು ಕಂಡರೆ ಮಗುವೂ ತಳಿಯನ್ನು ಹೇಳೀತು. ಸುಳಿಯ ವಿಚಾರವು ಆ ಸಾಕಣೆಗಾರರಲ್ಲಿ ಇಂದಿಗೂ ಜೀವಂತವಾಗಿದೆ. ಆದರೆ ಕಿವಿಯ ಬಾಗನ್ನೇ ಹುಡುಕುತ್ತ ಜೋಡಿ ಮಾಡಿಸುವವನು ಕಾಲನ್ನು ಮರೆತರೆ, ನಾಲ್ಕು ತಲೆಮಾರಿನ ಹೊತ್ತಿಗೆ ಚಂದದ ಕಿವಿಯ ಕುಂಟ ಕುದುರೆಗಳು ಹುಟ್ಟುವುವು. ಹುಡುಗರಿಗೆ ವ್ಯಾಕರಣವನ್ನು ಬಿಟ್ಟು ಉಚ್ಚಾರವನ್ನೊಂದೇ ಕಲಿಸಿದ ಹಾಗೆ.

ಪ್ರಾಣಿಗಳ ತಳಿಗಳನ್ನು ದಾಖಲೆ ಮಾಡುವ ರಾಷ್ಟ್ರೀಯ ಸಂಸ್ಥೆಯು 1984ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ, ಮರುವರ್ಷ ಹರಿಯಾಣದ ಕರ್ನಾಲಕ್ಕೆ ಹೋಯಿತು. ಒಂದು ತಳಿಯೆಂದು ಅಲ್ಲಿ ಅಂಗೀಕಾರವಾಗಬೇಕಾದರೆ ಅದರ ಸೀಮೆ, ಸಂಖ್ಯೆ, ಅಳತೆ, ಬಣ್ಣ, ಉಪಯೋಗ ಎಲ್ಲವನ್ನೂ ಬರೆದುಕೊಡಬೇಕು. ರಕ್ತದ ಪರೀಕ್ಷೆಯಿಂದ ಅದು ನೆರೆಯ ತಳಿಗಳಿಗಿಂತ ಭಿನ್ನವೆಂದೂ ತೋರಿಸುವರು. ಇತ್ತೀಚೆಗೆ ಆ ಪಟ್ಟಿಯಲ್ಲಿ ಭೀಮಥಡಿ ಕುದುರೆಯು ಸೇರಿರುವುದು. ಭೀಮಾನದಿಯ ಎರಡೂ ದಡಗಳಲ್ಲಿ ಮರಾಠರ ದಂಡಿಗೆ ಬೆನ್ನು ಕೊಟ್ಟ ಕುದುರೆಯ ಸಂತತಿಯಿದು. ದಂಡುಗಳು ಹೋದ ಮೇಲೆ ಕುರಿಗಾರರು ಇದನ್ನು ಉಳಿಸಿಕೊಂಡರು. ಗುಡಾರ, ಗಡಿಗೆ, ನಡೆಯಲಾರದ ಕುರಿಮರಿ ಎಲ್ಲವನ್ನೂ ಇದರ ಮೇಲೆ ಹೇರಿ ತಿರುಗಿದರು. ತಟ್ಟು ಎಂದು ಎಲ್ಲರೂ ತಾತ್ಸಾರ ಮಾಡುತ್ತಿದ್ದ ಪ್ರಾಣಿಗೆ ಈಗ ಕುಲವು ಸಿಕ್ಕಿತು. ಥಡಿ ಎಂಬ ಆ ಮಾತು ನಮ್ಮ ತಡಿಯೇ. ದಡವೆಂದು ಒಂದರ್ಥ, ಕುದುರೆಯ ಬೆನ್ನಿಗೆ ಹಾಕುವ ಜೀನು ಎಂದು ಇನ್ನೊಂದು. ಈ ಸುದ್ದಿಯನ್ನು ಓದಿದ ದಿನ ನನಗೆ ಕಾಕಾರವರ ಕಂದು ಕುದುರೆಯ ನೆನಪಾಯಿತು. ಅದನ್ನೂ ಕುರಿಗಾರರೇ ಕೊಟ್ಟಿದ್ದರು. ಅದರ ರಕ್ತವನ್ನು ಪರೀಕ್ಷಿಸುವ ಕಾಲವು ಕಳೆದುಹೋಗಿದೆ.

ಕಾಕಾರವರ ಪರೀಕ್ಷೆಯ ಕ್ರಮವನ್ನು ಬರೆಯದಿದ್ದರೆ ಈ ಲೇಖನವು ವ್ಯರ್ಥ. ಅಳತೆಯ ಪ್ರಸಂಗದ ಮೇಲೆ ಅವರು ನನ್ನನ್ನು ತಮ್ಮ ಸಂಗಡ ಸಂತೆಗೆ ಕರೆದೊಯ್ಯತೊಡಗಿದರು. ಕುದುರೆಯನ್ನು ಕಂಡೊಡನೆ ಅವರು ಹತ್ತಿರ ಹೋಗುತ್ತಿರಲಿಲ್ಲ. ಇಪ್ಪತ್ತು ಮಾರು ದೂರ ನಿಂತು ತಂಬಾಕು ತಿಕ್ಕುತ್ತ, ಅದು ಹೇಗೆ ನಿಲ್ಲುವುದೆಂದು ನೋಡುತ್ತಿದ್ದರು. ಹಿಂಗಾಲಿಗೆ ವಿಶ್ರಾಂತಿ ಕೊಟ್ಟು ನಿಂತರೆ ಚಿಂತೆಯಿಲ್ಲ, ಎಲ್ಲ ಕುದುರೆಗಳೂ ಹಾಗೆ ನಿಲ್ಲುವುವು. ಮುಂಗಾಲನ್ನು ಮುಂದೆ ಚಾಚಿ ನಿಂತಿತೋ, ಆ ಕಾಲಿನಲ್ಲಿ ನೋವಿದೆ. ಬಳಿಕ ಹತ್ತಿರ ಹೋಗಿ ಹೆಗಲಿನಿಂದ ಗೊರಸಿನ ವರೆಗೆ ಅಂಗೈಯನ್ನು ಇಳಿಸುತ್ತಿದ್ದರು; ಒಂದು ಕಾಲು ಮುಗಿದೊಡನೆ ಜೊತೆಯ ಕಾಲು. ಎರಡರ ಬಿಸಿಯೂ ಒಂದೇ ಇರಬೇಕು. ಗೊರಸನ್ನೆತ್ತಿ ಅಂಗಾಲನ್ನು ಮೂಸುತ್ತಿದ್ದರು. ಕೊಳೆತ ವಾಸನೆ ಬಂದರೆ ಒಡೆಯನು ಸೋಮಾರಿ. ಬಾಯಿ ತೆರೆದು ಹಲ್ಲು ನೋಡುವುದು ಅದರ ಮೇಲೆ. ಎರಡೂವರೆ ವರ್ಷದ ಹೊತ್ತಿಗೆ ನಡುವಿನ ಜೋಡಿ ಹಾಲುಹಲ್ಲು ಬಿದ್ದು ಹೊಸದು ಬರುವುದು, ಮುಂದಿನ ವರ್ಷ ಅದರ ಮಗ್ಗುಲಿನ ಜೋಡಿ, ಅದರ ಮುಂದಿನ ವರ್ಷ ಮೂಲೆಯ ಜೋಡಿ. ಐದಕ್ಕೆ ಬಾಯಿ ತುಂಬುವುದು. ಹಲ್ಲಿನ ತಲೆಯ ಕುಳಿಯು ಸವೆದು ಎಂಟರ ಹೊತ್ತಿಗೆ ಕೆಳದವಡೆಯಲ್ಲಿ ಮಾಯವಾಗುವುದು. ದಲಾಲರು ಕಬ್ಬಿಣ ಕಾಸಿ ಸುಳ್ಳು ಕುಳಿಯನ್ನು ಮಾಡುವುದೂ ಉಂಟು. "ಕುಳಿ ಸುಳ್ಳ ಹೇಳತೈತ್ರಿ, ಹಲ್ಲಿನ ಓರಿ ಸುಳ್ಳ ಹೇಳಾಂಗಿಲ್ಲ" ಎಂದು ಕಾಕಾರವರು ತೋರಿಸಿದರು: ವಯಸ್ಸಾದಂತೆ ಮೇಲಿನ ಕೆಳಗಿನ ಹಲ್ಲುಗಳು ಕೂಡುವ ಕೋನವು ಮುಂದಕ್ಕೆ ಚಾಚಿಕೊಳ್ಳುವುದು.

ಕೊನೆಯದು ನಡಿಗೆ. ಮೆತ್ತನ್ನ ಮಣ್ಣಿನ ಮೇಲೆ ನಡೆಯಿಸಿ ತೋರಿಸುವುದು ಮಾರುವವನ ಜಾಣತನ. ಕಾಕಾರವರು ಹಾಸುಗಲ್ಲನ್ನೋ ಡಾಂಬರು ರಸ್ತೆಯನ್ನೋ ಹುಡುಕುತ್ತಿದ್ದರು. ಮುಂಗಾಲು ನೋಯುವ ಕುದುರೆಯು ಒಳ್ಳೆಯ ಕಾಲು ಊರುವಾಗ ತಲೆಯನ್ನು ತಗ್ಗಿಸುವುದು, ನೋವಿನ ಕಾಲು ಊರುವಾಗ ಎತ್ತುವುದು. ಇದನ್ನು ದುಡಕಿಯಲ್ಲಿ ನೋಡಬೇಕು. ಒಂದು ಸಲ ನೋಡಿದ ಮೇಲೆ ಅವರು ಬೆನ್ನು ತಿರುಗಿಸಿ ಕಣ್ಣು ಮುಚ್ಚುತ್ತಿದ್ದರು. ಕುದುರೆಯನ್ನು ಮತ್ತೆ ನಡೆಯಿಸಬೇಕು. ನಾಲ್ಕು ಗೊರಸುಗಳ ಸದ್ದು ಒಂದೇ ತೂಕದ್ದಾಗಿದ್ದರೆ ಮಾತ್ರ ದರದ ಮಾತು. ನನಗೂ ಕಣ್ಣು ಮುಚ್ಚಲು ಹೇಳಿದರು. ಮೊದಲು ಬರೀ ಗದ್ದಲವೆನಿಸಿತು. ಎರಡು ವರ್ಷ ಕಳೆದ ಮೇಲೆ ಅನುಷ್ಟುಪ್ಪಿನಲ್ಲಿ ಒಂದಕ್ಷರ ತಪ್ಪಿದರೆ ಕಿವಿಗೆ ಚುಚ್ಚುವಂತೆ ಅದೂ ಚುಚ್ಚತೊಡಗಿತು.

1993ರ ಚಳಿಗಾಲದಲ್ಲಿ ನರೇಗಲ್ಲಿನಿಂದ ಬರುತ್ತಿದ್ದಾಗ ಬಸ್ಸು ಕೆಟ್ಟು ನಿಂತಿತು. ಕಡಲೆಯ ಹೊಲದ ಆಚೆಗೆ ಕುರಿಗಾರರ ಬೀಡು ಇಳಿದಿತ್ತು. ಕಂದು ಹೆಣ್ಣುಕುದುರೆಯೊಂದು ಗಡಿಗೆ, ಕಂಬಳಿ, ಜೋಳಿಗೆಯಲ್ಲಿ ಎರಡು ಕುರಿಮರಿ ಹೊತ್ತು ನಿಂತಿತ್ತು. ಕಾಲಲ್ಲಿ ವರ್ಷದೊಳಗಿನ ಮರಿ. ಮೂಗಿನ ಮೇಲೆ ಬಿಳಿಯ ಚುಕ್ಕೆ. ಹತ್ತಿರ ಹೋದೆನು. ಎಡಗಿವಿಯ ಅಂಚು ಹರಿದಿತ್ತು. ಬಲಗಣ್ಣಿನ ಕೆಳಗೆ ಆ ಸುಳಿ. ಅದೇ ಕುದುರೆಯೆಂದು ಪ್ರಮಾಣ ಮಾಡಲಾರೆನು, ಏಳು ವರ್ಷಗಳಾಗಿದ್ದುವು. ಬಾಯಿ ತೆರೆದು ನೋಡಬೇಕೆಂದು ಕೈ ಮುಂದಾಯಿತು, ಧೈರ್ಯವಾಗಲಿಲ್ಲ. ಕುರಿಗಾರನನ್ನು ಕೇಳಿದೆನ; ನಾಲ್ಕನೆಯ ಮರಿ ಇದು ಎಂದನು. "ಕಣ್ಣಿನ ಬುಡಕ ಸುಳಿ ಐತಲ್ಲಪಾ, ಏನೂ ತ್ರಾಸ ಆಗಲಿಲ್ಲೇನು?" ಎಂದೆನು. ಅವನು ಸುಳಿಯನ್ನು ಆಗಲೇ ಮೊದಲ ಸಲ ನೋಡಿದವನಂತೆ ಬಗ್ಗಿ ನೋಡಿ, "ಕಣ್ಣಾನ ನೀರ ಇಳಿಯಾಕ ದಾರಿ ಬೇಕಲ್ರಿ ಯಪ್ಪಾ, ಅದಕ ಇಟ್ಟಾನ ದೇವರು" ಎಂದನು. ಮರಿಯ ಕಣ್ಣಿನ ಕೆಳಗೆ ಸುಳಿಯಿರಲಿಲ್ಲ. ಬಸ್ಸಿನವರು ಕೂಗಿದರು.

ಊರಿಗೆ ಬಂದು ಕಾಕಾರವರಿಗೆ ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, "ನಡಿಗಿ ಹ್ಯಾಂಗಿತ್ರಿ?" ಎಂದು ಕೇಳಿದರು. ನಿಂತ ಕುದುರೆಯನ್ನು ಮಾತ್ರ ನಾನು ನೋಡಿ ಬಂದಿದ್ದೆನು. ಏನೂ ಹೇಳಲಾಗಲಿಲ್ಲ. ಆಟೋರಿಕ್ಷಾಗಳು ಬಂದ ಮೇಲೆ ಕಾಕಾರವರು ಟಾಂಗಾವನ್ನು ಮಾರಿದರು, 2001ರಲ್ಲಿ ತೀರಿಕೊಂಡರು.

ನನ್ನ ವಿದ್ಯಾರ್ಥಿಯು ಗೊತ್ತುಮಾಡಿದ ದಿನ ಕಾರಿನಲ್ಲಿ ಬಂದು ಕರೆದೊಯ್ದನು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದುವು. ಮಾರುವವನು ಕುದುರೆಯನ್ನು ತೊಳೆದು, ಬಾಲಕ್ಕೆ ಎಣ್ಣೆ ಹಚ್ಚಿ, ಹಸುರು ಹುಲ್ಲಿನ ಮೇಲೆ ನಿಲ್ಲಿಸಿದ್ದನು. ವಂಶದ ಕಾಗದವಿತ್ತು; ಕೊರಳಿನ ತೊಗಲೊಳಗೆ ಅಕ್ಕಿಕಾಳಿನಷ್ಟು ಚಿಪ್ಪನ್ನು ಇಟ್ಟಿರುವರೆಂದೂ ಅದನ್ನು ಯಂತ್ರವು ಓದುವುದೆಂದೂ ತೋರಿಸಿದನು. ಕೊರಳಿನ ಕೆಳಗೆ, ಗಂಟಲಿನ ನಡುವೆ, ದೇವಮಣಿಯೆಂಬ ಸುಳಿಯಿತ್ತು. ಎಲ್ಲ ಸುಳಿಗಳಲ್ಲಿ ಅದನ್ನು ಶ್ರೇಷ್ಠವೆಂದು ಹೇಳುವರು. ಬೆಲೆಯು ಅಷ್ಟೇರಿದುದು ಅದರಿಂದಲೇ ಎಂದು ನನಗೆ ತಿಳಿಯಿತು. ಮಾರುವವನೂ ಮೇಲಿಂದ ಮೇಲೆ ಕುದುರೆಯ ಗದ್ದವನ್ನೆತ್ತಿ ಹಿಡಿಯುತ್ತಿದ್ದನು. ವಿದ್ಯಾರ್ಥಿಯು ನನ್ನ ಕಡೆ ನೋಡಿದನು. ನಾನು ಮಾತಾಡಲಿಲ್ಲ.

ಇಪ್ಪತ್ತು ಮಾರು ಹಿಂದೆ ಸರಿದು ನಿಂತೆನು. ನಿಲುವು ಚೆನ್ನಾಗಿತ್ತು. ಮೊಣಕಾಲು ಬಗ್ಗದ ಈ ವಯಸ್ಸಿನಲ್ಲಿಯೂ ಬಗ್ಗಿ ನಾಲ್ಕು ಕಾಲುಗಳ ಮೇಲೆ ಅಂಗೈ ಇಳಿಸಿದೆನು. ಹಿಂದಿನ ಎಡಗಾಲಿನ ಗೊರಸಿನ ಮೇಲ್ಭಾಗವು ಸ್ವಲ್ಪ ಬೆಚ್ಚಗಿತ್ತೋ, ಬಿಸಿಲಿಗೆ ಹಾಗೆನಿಸಿತೋ ನಿಶ್ಚಯವಾಗಲಿಲ್ಲ. "ಹುಲ್ಲಿನ ಮ್ಯಾಲೆ ಬ್ಯಾಡ, ರಸ್ತಾಕ ತರ್‍ರಿ" ಎಂದೆನು. ಮಾರುವವನು ಮುಖ ಗಂಟಿಕ್ಕಿದನು, ಆದರೆ ತಂದನು. ಹೋಗುವಾಗ ನೋಡಿದೆನು, ಬರುವಾಗ ಬೆನ್ನು ತಿರುಗಿಸಿ ಕಣ್ಣು ಮುಚ್ಚಿದೆನು. ಮೂರು ಗೊರಸುಗಳು ಡಾಂಬರಿನ ಮೇಲೆ ಒಂದೇ ತೂಕದಲ್ಲಿ ಬಿದ್ದುವು. ನಾಲ್ಕನೆಯದು ಸ್ವಲ್ಪ ಹಗುರವಾಗಿ, ಸ್ವಲ್ಪ ಬೇಗ ಎದ್ದಿತು.

"ಇನ್ನೊಮ್ಮೆ ನಡಸ್ರಿ" ಎಂದೆನು.